ನೆಲಕ್ಕೆ ಒಂದು ಗೇಣು

ಅವಳನ್ನು ನಮ್ಮ ಶಾಲೆಯವರು ಮೊದಲು ಕಂಡದ್ದು ತರಗತಿಯ ಬೆಂಚಿನ ಮೇಲಲ್ಲ. ಹಸಿ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿಕೊಂಡು ಏನನ್ನೋ ನೋಡುತ್ತಿದ್ದಾಗ.

ಆ ಬೇಸಿಗೆಯ ರಜೆಯಲ್ಲಿ ಶಾಲೆಯ ಸಭಾಂಗಣಕ್ಕೆ ಹೊಸದಾಗಿ ಗಾರೆ ಬಳಿಸುತ್ತಿದ್ದರು. ಗಾರೆ ಮೇಸ್ತ್ರಿ ಒಂದು ಗೋಡೆ ಮುಗಿಸಿ ಕೈ ತೊಳೆಯಲು ಹೋಗಿದ್ದ. ಅವನ ಮಗಳು, ಎರಡು ಜಡೆಯ ಸಣಕಲು ಹುಡುಗಿ, ಕಿಟಕಿಗಳನ್ನೆಲ್ಲ ಮುಚ್ಚಿ, ಉದ್ದನೆಯ ತಂತಿಗೆ ಕಟ್ಟಿದ ಬಲ್ಬನ್ನು ಗೋಡೆಯ ಮಗ್ಗುಲಿಗೆ ಒರಗಿಸಿ ಹಿಡಿದಿದ್ದಳು. ಒಳಗೆ ಬಂದ ಹೆಡ್‌ಮಾಸ್ತರರಿಗೆ ಕತ್ತಲಲ್ಲಿ ಒಂದು ಗೋಡೆ, ಒಂದು ಬಲ್ಬು, ಒಂದು ಮೂಗು ಮಾತ್ರ ಕಂಡವು.

"ಏನಮ್ಮಾ, ಗೋಡೆ ಕಿವೀಲಿ ಏನು ಗುಟ್ಟು ಹೇಳ್ತಿದ್ದೀಯ?"

"ನಾನು ಹೇಳ್ತಿಲ್ಲ ಸಾರ್, ಅದೇ ಹೇಳ್ತಿದೆ. ಬೆಳಕು ಎದುರಿಂದ ಬಿದ್ರೆ ಎಲ್ಲಾ ಗೋಡೆನೂ ನುಣ್ಣಗೆ ಕಾಣುತ್ತೆ. ಪಕ್ಕದಿಂದ ಬಿಟ್ರೆ ನೋಡಿ, ಎಲ್ಲೆಲ್ಲಿ ಉಬ್ಬಿದೆ, ಎಲ್ಲೆಲ್ಲಿ ತಗ್ಗಿದೆ, ಎಲ್ಲಾ ನೆರಳು ಬೀಳುತ್ತೆ."

ಹೆಡ್‌ಮಾಸ್ತರರು ಬಗ್ಗಿ ನೋಡಿದರು. ಹಾಲಿನ ಕೆನೆಯಂತಿದ್ದ ಗೋಡೆಯ ಮೇಲೆ ಗುಡ್ಡ, ಕಣಿವೆ, ಹೊಂಡಗಳ ದೇಶವೊಂದು ಎದ್ದು ನಿಂತಿತ್ತು. ಅಷ್ಟರಲ್ಲಿ ಮೇಸ್ತ್ರಿ ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದ.

"ಅಯ್ಯೋ ಸಾರ್, ಅವಳ ಮಾತಿಗೆ ತಲೆ ಆಡಿಸ್ಬೇಡಿ. ಈಗ್ಲೇ ನನ್ನ ಕೆಲಸದಲ್ಲಿ ಹುಳುಕು ಹುಡುಕ್ತಾಳೆ. ಇನ್ನು ನಿಮ್ಮ ಶಾಲೆಗೂ ಸೇರಿಸ್ಕೊಂಡ್ರೆ ನನ್ನ ಗತಿ?"

ಸೇರಿಸಿಕೊಂಡರು. ಜೂನ್ ತಿಂಗಳ ಮೊದಲ ದಿನ ಅವಳು ಗಾರೆಯ ಕಲೆಯಿದ್ದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಬಂದಳು. ಅಪ್ಪ ಕಲಿಸಿದ ಆ ಪಕ್ಕದ ಬೆಳಕನ್ನು ಅವಳು ಜೀವಮಾನದಲ್ಲಿ ಎಂದೂ ಬಿಡಲಿಲ್ಲ. ಬಿಟ್ಟದ್ದು ಒಂದೇ ಒಂದು ಸಲ. ಈ ಕಥೆ ಇರುವುದೇ ಅಲ್ಲಿ.

ಭೂವಿಜ್ಞಾನ ಓದಿದಳು. ಕಲ್ಲು ಬಡಿಯುವ ಓದು ಹೆಣ್ಣುಮಕ್ಕಳಿಗೆ ಯಾಕೆ ಎಂದವರಿಗೆ ಅಪ್ಪ, "ಬಡಿಯೋದು ಕಲ್ಲನ್ನ ತಾನೆ, ನಿಮ್ಮನ್ನಲ್ವಲ್ಲ" ಎಂದು ಬಾಯಿ ಮುಚ್ಚಿಸಿದ. ಓದು ಮುಗಿದ ಮೇಲೆ ಅವಳು ಸೇರಿದ್ದು ಬೇರೆ ಗ್ರಹಗಳ ನೆಲವನ್ನು ಅಭ್ಯಾಸ ಮಾಡುವ ಪ್ರಯೋಗಾಲಯವೊಂದಕ್ಕೆ. ಹೆಸರು ಕೇಳಿ ಬೆರಗಾದವರು ಒಳಗೆ ಹೋಗಿ ನೋಡಿದರೆ ಪೆಚ್ಚಾಗುತ್ತಿದ್ದರು. ದೂರದರ್ಶಕವಿಲ್ಲ, ಗುಮ್ಮಟವಿಲ್ಲ. ಉದ್ದನೆಯ ಕೋಣೆ, ಉದ್ದನೆಯ ಮೇಜು, ಭೂತಗನ್ನಡಿಗಳು, ಕಾಗದಕ್ಕೆ ಹತ್ತಿದ ರಾಸಾಯನಿಕದ ಹುಳಿ ವಾಸನೆ. ಮಂಗಳ ಗ್ರಹವನ್ನು ಸುತ್ತುವ ನೌಕೆ ಕಳಿಸಿದ ಚಿತ್ರಗಳನ್ನು ಹಾಸಿಗೆಯಗಲ ಅಚ್ಚು ಹಾಕಿ ಆ ಮೇಜಿನ ಮೇಲೆ ಹರಡುತ್ತಿದ್ದರು. ಅವಳು ಅದರ ಮೇಲೆ ಬಗ್ಗಿ ಗುಂಡಿಗಳನ್ನು ಎಣಿಸುತ್ತಿದ್ದಳು. ಆಕಾಶದಿಂದ ಬಿದ್ದ ಕಲ್ಲುಗಳು ತೋಡಿದ ಗುಂಡಿಗಳು. ಹೆಚ್ಚು ಗುಂಡಿಯಿದ್ದರೆ ಹಳೆಯ ನೆಲ, ಕಡಿಮೆಯಿದ್ದರೆ ಹೊಸ ನೆಲ. "ಮುಖದ ಮೇಲೆ ಸಿಡುಬಿನ ಕಲೆ ಎಣಿಸಿ ವಯಸ್ಸು ಹೇಳೋ ಕೆಲಸ" ಎಂದು ತಾನೇ ನಗುತ್ತಿದ್ದಳು. ಕಚೇರಿಯಲ್ಲಿ ಅವಳಿಗೆ ಗುಂಡಿ ಮೇಡಂ ಎಂಬ ಹೆಸರೇ ಗಟ್ಟಿಯಾಯಿತು.

ಆ ಕೆಲಸದಲ್ಲಿ ಒಂದು ಅಪಾಯವಿದೆ. ಮನುಷ್ಯನ ಕಣ್ಣು ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಂಬಿಕೊಂಡಿದೆ. ಆದ್ದರಿಂದ ಚಿತ್ರದಲ್ಲಿ ಬಿಸಿಲು ಕೆಳಗಿನಿಂದ ಬಂದಿದ್ದರೆ ಕಣ್ಣು ಮೋಸ ಹೋಗುತ್ತದೆ: ಗುಂಡಿ ಗುಡ್ಡವಾಗಿ, ಗುಡ್ಡ ಗುಂಡಿಯಾಗಿ ಕಾಣುತ್ತದೆ. ಕಾಗದವನ್ನು ತಿರುಗಿಸಿದರೆ ಸಾಕು, ಕ್ಷಣದಲ್ಲಿ ಎಲ್ಲ ತಿರುಗುಮುರುಗಾಗುತ್ತದೆ. ಅದಕ್ಕಾಗಿ ಅವಳು ಒಂದು ಪದ್ಧತಿ ಮಾಡಿದ್ದಳು. ಪ್ರತಿಯೊಂದು ಚಿತ್ರದ ಅಂಚಿಗೂ ಸೂರ್ಯ ಇರುವ ಕಡೆ ಒಂದು ಹಳದಿ ಚೀಟಿ. ಆ ಚೀಟಿ ನೋಡುವವರಿಂದ ದೂರದ ಅಂಚಿನಲ್ಲಿರಬೇಕು. ಎಲ್ಲರೂ ಮೇಜಿನ ಈಚೆ ಬದಿಯಲ್ಲೇ, ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಕು. ಆಚೆ ಬದಿಗೆ ಹೋಗಿ ನೋಡಿದವರಿಗೆ ಅವಳಿಂದ ಮಂಗಳಾರತಿ.

ಮಂಗಳಾರತಿ ಹೆಚ್ಚಾಗಿ ಆಗುತ್ತಿದ್ದದ್ದು ನಿರ್ದೇಶಕರಿಗೆ. ಲೆಕ್ಕದಲ್ಲಿ ಹುಲಿಯಂಥ ಮನುಷ್ಯ. ಆದರೆ ಚಿತ್ರ ಯಾವ ಕಡೆ ಇಟ್ಟರೂ ಅವರ ಕಣ್ಣಿಗೆ ಗುಂಡಿಯೆಲ್ಲ ಗುಡ್ಡವೇ. "ನನಗೇನೋ ಇದು ಬೋರಲು ಹಾಕಿದ ಬಟ್ಟಲ ಹಾಗೆ ಕಾಣುತ್ತಲ್ರೀ" ಎನ್ನುವರು. "ಸಾರ್, ನಿಮ್ಮನ್ನ ಮಂಗಳಕ್ಕೆ ಕಳಿಸಿದ್ರೆ ಮೊದಲ ಹೆಜ್ಜೇಲೇ ಗುಂಡಿಗೆ ಬೀಳ್ತೀರಿ" ಎನ್ನುವಳು ಅವಳು. ಕೋಣೆ ಗೊಳ್ಳೆನ್ನುವುದು. ಅವರೂ ನಗುವರು. ಅದೊಂದು ನಿತ್ಯದ ಆಟ.

ಅವಳ ಗಂಡ ಸಿಕ್ಕಿದ್ದೂ ಅಲ್ಲಿಯೇ. ನೆಲಮಾಳಿಗೆಯ ಕಾರ್ಯಾಗಾರದಲ್ಲಿ ಅವನೊಬ್ಬ ಯಂತ್ರಶಿಲ್ಪಿ. ಮಂಗಳದ ಮೇಲೆ ಇಳಿಯಲಿರುವ ನೌಕೆಗೆ ಒಂದು ಕೈ ಮಾಡುತ್ತಿದ್ದ. ಭುಜ, ಮೊಣಕೈ, ಮಣಿಕಟ್ಟು, ತುದಿಯಲ್ಲಿ ಅಂಗೈಯಗಲದ ಒಂದು ಸಲಿಕೆ. ನೆಲ ಕೆರೆಯಬೇಕು, ಕೆಂಪು ಧೂಳಿನ ಕೆಳಗೆ ಏನಿದೆ ಎಂದು ನೋಡಬೇಕು. ಕೈಯ ಕೆಲಸ ಅಷ್ಟೇ. ಆದರೆ ಆ ಅಷ್ಟೇ ಎಂಬುದಕ್ಕೆ ಅವನು ತನ್ನ ಯೌವನವನ್ನೆಲ್ಲ ಸುರಿದಿದ್ದ. ನೆಲಮಾಳಿಗೆಯಲ್ಲಿ ಒಂದು ದೊಡ್ಡ ಮರದ ತೊಟ್ಟಿಯ ತುಂಬ ಮರಳು ತುಂಬಿಸಿಕೊಂಡು, ಒಣ ಮರಳು, ಒದ್ದೆ ಮರಳು, ಮಂಜುಗಡ್ಡೆ ಬೆರೆತ ಮರಳು, ಒಂದೊಂದನ್ನೂ ಕೈಯಿಂದ ಕೆರೆಸುತ್ತಿದ್ದ. ಆ ಸದ್ದು ಮೆಟ್ಟಿಲಿನ ಮೇಲಿನವರೆಗೂ ಕೇಳುತ್ತಿತ್ತು, ಕೋಳಿ ಕಸ ಕೆದಕುವ ಹಾಗೆ.

ಒಂದು ದಿನ ಅವಳು ಇಳಿದು ಹೋಗಿ ಕೇಳಿದಳು: "ಏನ್ರೀ, ನಿಧಿ ಸಿಕ್ತಾ?"

"ಎಲ್ಲಿ ಕೆರೀಬೇಕು ಅಂತ ನೀವು ಹೇಳಿದ್ರೆ ಸಿಗುತ್ತೆ ಮೇಡಂ. ಜಾಗ ತೋರಿಸೋರು ನೀವು, ಕೆರೆಯೋನು ನಾನು."

"ಒಳ್ಳೆ ಜೋಡಿ" ಎಂದುಬಿಟ್ಟಳು. ಹೇಳಿದ ಮೇಲೆ ಕಿವಿ ಕೆಂಪಗಾಯಿತು. ಮುಂದಿನ ವರ್ಷ ಮದುವೆಯಾಯಿತು.

ಮನೆಯಲ್ಲಿ ಅತ್ತೆಯಿದ್ದರು. ಮಾತು ಚೂಪು, ಮನಸ್ಸು ಬೆಣ್ಣೆ. ಅಕ್ಕಪಕ್ಕದವರ ಮುಂದೆ, "ನನ್ನ ಸೊಸೆಗೆ ಮಂಗಳದ ಗುಂಡಿ ಎಲ್ಲಾ ಗೊತ್ತು. ನಮ್ಮ ಬೀದಿ ಗುಂಡೀಲಿ ದಿನಾ ಎಡವ್ತಾಳೆ" ಎನ್ನುವರು. ಮಗನನ್ನೂ ಬಿಡುತ್ತಿರಲಿಲ್ಲ: "ಲೋ, ಆ ಕಬ್ಬಿಣದ ಕೈಗೆ ಹತ್ತು ವರ್ಷದಿಂದ ಎಣ್ಣೆ ಹಾಕ್ತಿದ್ದೀಯ. ನಿಮ್ಮಮ್ಮನ ಮೊಣಕಾಲಿಗೆ ಒಂದಿನ ಹಾಕೋ!"

ಊಟದ ಮೇಜಿನ ಬಳಿ ಗಂಡ ಹೆಂಡತಿ ಒಂದೇ ಬದಿಯಲ್ಲಿ ಕೂರುತ್ತಿದ್ದರು. ಅತ್ತೆ ಎದುರಿಗೆ. "ಸಿನಿಮಾ ನೋಡೋಕೆ ಬಂದೋರ ಹಾಗೆ ಒಂದೇ ಸಾಲಲ್ಲಿ ಕೂತ್ಕೊಂಡು ನನ್ನೇನು ನೋಡ್ತೀರಿ?" ಎಂದು ಅತ್ತೆ ಗದರಿದರೂ ಆ ಜಾಗ ಬದಲಾಗಲಿಲ್ಲ. ಊಟ ಮುಗಿದ ಮೇಲೂ ಭುಜಕ್ಕೆ ಭುಜ ತಾಗಿಸಿಕೊಂಡು ಮಾತಾಡುವರು. ಎಲ್ಲ ಮಾತೂ ಕಡೆಗೆ ಒಂದೇ ಕಡೆ ಹೋಗಿ ನಿಲ್ಲುವುದು: ಕೈ ನೆಲ ಮುಟ್ಟಿದ ದಿನ ಹೇಗಿರುತ್ತದೆ?

ನೌಕೆ ಎಲ್ಲಿ ಇಳಿಯಬೇಕೆಂದು ತೀರ್ಮಾನಿಸುವ ಸಭೆ ಬಂತು. ಉದ್ದನೆಯ ಮೇಜಿನ ಮೇಲೆ ಕೊನೆಯ ಚಿತ್ರ ಹರಡಿತ್ತು. ಹಳದಿ ಚೀಟಿ ಅದರ ಜಾಗದಲ್ಲಿತ್ತು. ಈಚೆ ಬದಿಯಲ್ಲಿ ನಿರ್ದೇಶಕರು ಮತ್ತು ಚಿತ್ರ ಓದುವವರು. ಆಚೆ ಬದಿಯಲ್ಲಿ ಯಂತ್ರದ ಕಡೆಯವರು. ಆಗಿನ ಕಾಲದಲ್ಲಿ ಎತ್ತರ ತಗ್ಗು ಅಳೆಯುವ ಉಪಕರಣಗಳು ದೊಡ್ಡ ಬೆಟ್ಟವನ್ನಷ್ಟೇ ಹಿಡಿಯುತ್ತಿದ್ದವು. ಸಣ್ಣ ದಿಬ್ಬ, ಸಣ್ಣ ಹಳ್ಳಕ್ಕೆ ಕಣ್ಣೇ ಗತಿ. ಆ ಕಣ್ಣು ಅವಳದು.

ಗಂಡ ಅಂದು ಮಾತಾಡಬೇಕಾಗಿತ್ತು. ಕೈಗೆ ಎಂಥ ನೆಲ ಬೇಕೆಂದು ಹೇಳಬೇಕಾಗಿತ್ತು. ಸಭೆಯೆಂದರೆ ಅವನಿಗೆ ನಾಲಿಗೆ ಒಣಗುತ್ತಿತ್ತು. ಎದ್ದು ನಿಂತವನು ಎರಡು ವಾಕ್ಯ ಹೇಳಿ ತಡವರಿಸಿದ, ನೀರು ಕುಡಿದ, ಮೇಜಿನ ಈಚೆಗಿದ್ದ ಹೆಂಡತಿಯ ಕಡೆ ನೋಡಿದ. ತುಟಿಯಲ್ಲೇ, "ಇಲ್ಲಿ ಬಾ" ಎಂದ. ಅವಳು ಹೋದಳು. ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು, ಮನೆಯಲ್ಲಿ ಕೂರುವ ಹಾಗೆ. ಮೇಜಿನ ಕೆಳಗೆ ಅವನ ಕೈ ಹಿಡಿದಳು. ಹಿಡಿದ ಮೇಲೆ ಅವನ ಮಾತು ಸರಾಗವಾಯಿತು.

"ನನಗೆ ನುಣ್ಣಗಿರೋ ಜಾಗ ಬೇಕು. ತಟ್ಟೆ ಹಾಗಿರಬೇಕು, ಧೂಳು ಬಂದು ಕೂತಿರಬೇಕು. ಇಳಿಜಾರು ಆಗೋಲ್ಲ. ಇಳಿಜಾರಾದ್ರೆ ಕೈಗೆ ನೆಲ ಎಟುಕೋದಿಲ್ಲ."

ಅವನ ಮಾತು ಮುಗಿಯುವಷ್ಟರಲ್ಲಿ ಅವಳಿಗೆ ಆ ಜಾಗ ಕಂಡಿತು. ಕೇಳಿದ್ದನ್ನು ಕೇಳಿದ ಹಾಗೆಯೇ ಬಡಿಸಿದಂತೆ ಚಿತ್ರದ ನಡುವೆ ಒಂದು ದುಂಡನೆಯ, ಆಳವಿಲ್ಲದ ತಗ್ಗು, ನುಣುಪಾದ ತಳ, ಸುತ್ತ ಮೃದುವಾದ ಅಂಚು. ಇಷ್ಟು ದಿನ ಇದು ಹೇಗೆ ತಪ್ಪಿಸಿಕೊಂಡಿತು ಎಂದು ಅವಳಿಗೇ ಅಚ್ಚರಿಯಾಯಿತು. ಕುಳಿತಲ್ಲಿಂದಲೇ ಕೈ ಚಾಚಿ ಅದರ ಮೇಲೆ ಬೆರಳಿಟ್ಟಳು.

"ಇಲ್ಲಿ. ಇದು ನಿಮ್ಮ ತಟ್ಟೆ."

ಈಚೆ ಬದಿಯಿಂದ ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಮೇಡಂ, ನನಗೆ ಇದು ಗುಡ್ಡದ ಹಾಗೆ ಕಾಣುತ್ತಲ್ರೀ."

ಕೋಣೆ ಗೊಳ್ಳೆಂದಿತು.

"ಸಾರ್, ನಿಮಗೆ ಯಾವತ್ತು ಗುಡ್ಡ ಕಾಣಲಿಲ್ಲ ಹೇಳಿ?" ಎಂದಳು ಅವಳು. ಮತ್ತೂ ನಗು. ನಿರ್ದೇಶಕರು ತಾವೂ ನಗುತ್ತ, "ಆಯ್ತಪ್ಪ, ಗುಂಡಿ ಮೇಡಂ ಗುಂಡಿ ಅಂದ ಮೇಲೆ ಗುಂಡಿ" ಎಂದು ಸಹಿ ಹಾಕಿದರು. ಅವರ ಪಕ್ಕದಲ್ಲಿದ್ದ ಚಿತ್ರ ಓದುವವರಿಗೂ ಅದು ಉಬ್ಬಿದಂತೆಯೇ ಕಂಡಿತ್ತಂತೆ. ಆದರೆ ಕಣ್ಣು ಮೋಸ ಮಾಡುತ್ತದೆ ಎಂದು ಅವರಿಗೆ ಕಲಿಸಿದ್ದವಳು ಅವಳೇ. ತಮ್ಮ ಕಣ್ಣಿಗಿಂತ ಅವಳ ಮಾತನ್ನು ನಂಬಿದರು. ಜೀವನದಲ್ಲಿ ಒಂದೇ ಸಲ ನಿರ್ದೇಶಕರ ಕಣ್ಣು ಸರಿಯಾಗಿತ್ತು. ಅವಳು ಒಂದೇ ಸಲ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದಳು. ಎರಡೂ ಒಂದೇ ದಿನ.

ನೌಕೆ ಇಳಿದದ್ದು ನಡುಮಧ್ಯಾಹ್ನ. ನಿಯಂತ್ರಣ ಕೊಠಡಿಯಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಳಿದ ಸುದ್ದಿ ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಮಾತ್ರ ಕುಳಿತೇ ಇದ್ದ, ಪರದೆಯ ಮೂಲೆಯ ಒಂದು ಸಂಖ್ಯೆಯನ್ನು ನೋಡುತ್ತ. ನೌಕೆ ಎಷ್ಟು ಓರೆಯಾಗಿ ನಿಂತಿದೆ ಎಂದು ಹೇಳುವ ವಾಲಿಕೆಯ ಸಂಖ್ಯೆ. ಸೊನ್ನೆಯ ಆಸುಪಾಸು ಇರಬೇಕಾದದ್ದು ಇರಲಿಲ್ಲ.

ಮೊದಲ ಚಿತ್ರ ಸಾಲು ಸಾಲಾಗಿ ತೆರೆಯಿತು. ಆಕಾಶ ಬಂತು. ದೂರದಲ್ಲೊಂದು ಕಡಿದಾದ ಬಂಡೆಗೋಡೆ ಬಂತು. ಅದರ ಮೈಯಲ್ಲಿ ಪದರ ಪದರವಾಗಿ ಗೆರೆಗಳು. ಒಂದು ಕಾಲದಲ್ಲಿ ನೀರು ನಿಂತು ಕೆಸರು ಹಾಸಿಹೋದ ಗೆರೆಗಳು. ಯಾರೂ ಎಂದೂ ಕಾಣದಿದ್ದದ್ದು. ಎತ್ತರದಲ್ಲಿ ನಿಂತದ್ದರಿಂದ, ಮುಂದಕ್ಕೆ ವಾಲಿದ್ದರಿಂದ ಮಾತ್ರ ಕಂಡದ್ದು. ಕೊಠಡಿ ಹುಚ್ಚೆದ್ದು ಕೂಗಿತು. ಚಿತ್ರದ ಕೆಳಗಿನ ಮೂಲೆಯಲ್ಲಿ, ಇಳಿಜಾರಿನ ಮೇಲೆ, ಚಾಚಿಕೊಂಡ ಕೈ. ಅದರ ಸಲಿಕೆಗೂ ನೆಲಕ್ಕೂ ನಡುವೆ ಒಂದು ಗೇಣು ಬರಿ ಗಾಳಿ.

ಅವನು ದಿನವೂ ಕೈಗೆ ಆಜ್ಞೆ ಕಳಿಸಿದ. ಮೊಣಕೈ ನೇರ ಮಾಡು, ಮಣಿಕಟ್ಟು ಬಗ್ಗಿಸು, ಇನ್ನೂ ಬಗ್ಗಿಸು. ಕೈ ಹೇಳಿದ ಮಾತು ಕೇಳಿತು. ಎಲ್ಲ ಕೀಲುಗಳೂ ಅವನು ಕಲಿಸಿದಂತೆಯೇ ಆಡಿದವು. ಗಾಳಿಯನ್ನು ಕೆರೆದವು. ಮಂಗಳದ ಚಳಿಗಾಲ ಬಂತು, ಬಿಸಿಲು ತಗ್ಗಿತು, ನೌಕೆ ಮಾತು ನಿಲ್ಲಿಸಿತು. ಕೊನೆಯ ಆಜ್ಞೆಗೆ ಉತ್ತರ ಬರಲೇ ಇಲ್ಲ.

ಆ ಚಿತ್ರ ಜಗತ್ತೆಲ್ಲ ಸುತ್ತಿತು. ಪತ್ರಿಕೆ, ಕ್ಯಾಲೆಂಡರು, ಶಾಲೆಯ ಪಠ್ಯಪುಸ್ತಕ. ಬಂಡೆಯ ಪದರಗಳನ್ನು ಓದಿ ಅವಳು ಬರೆದ ಪ್ರಬಂಧ ಅವಳನ್ನು ದೊಡ್ಡವಳನ್ನಾಗಿ ಮಾಡಿತು. ಬಹುಮಾನ, ಭಾಷಣ, ಹಾರ. ತನಿಖೆಗೆ ಕುಳಿತವರು, "ಇಳಿಯುವಾಗ ಗಾಳಿ ಸ್ವಲ್ಪ ತಳ್ಳಿರಬೇಕು" ಎಂದು ಬರೆದು ಮುಗಿಸಿದರು. ಇಷ್ಟು ದೊಡ್ಡ ಗೆಲುವಿನಲ್ಲಿ ಹುಳುಕು ಯಾರಿಗೆ ಬೇಕಾಗಿತ್ತು? ಸಭೆ ಸಭೆಯಲ್ಲೂ ಅವಳು ಆ ಚಿತ್ರದ ಮುಂದೆ ನಿಂತು ಬಂಡೆಯ ಕಡೆ ಬೆರಳು ತೋರಿಸಿದಳು. ಮೂಲೆಯ ಕಡೆ ಎಂದೂ ನೋಡಲಿಲ್ಲ.

ಮನೆಯಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಊಟದ ಮೇಜಿನ ಎದುರಿನ ಗೋಡೆಗೇ ತೂಗುಹಾಕಿದರು. "ಬಂಡೆ ನನ್ನ ಸೊಸೇದು, ಕೈ ನನ್ನ ಮಗಂದು" ಎಂದು ಬಂದವರಿಗೆಲ್ಲ ತೋರಿಸುವರು. "ಎರಡೂ ಒಂದೇ ಫೋಟೋದಲ್ಲಿ ಬಿದ್ದಿದೆ ನೋಡಿ. ಮದುವೆ ಫೋಟೋನೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ!"

ಗಂಡ ನಕ್ಕ. ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ತಾನು ಮಾಡಿದ್ದೇನೆಂದು ಅವಳಿಗೆ ಮೊದಲ ಚಿತ್ರ ತೆರೆದ ಘಳಿಗೆಯಲ್ಲೇ ಗೊತ್ತಾಗಿತ್ತು. ಮಾರನೆಯ ದಿನ ಖಾಲಿ ಕೋಣೆಗೆ ಹೋಗಿ ಆ ಅಚ್ಚನ್ನು ಹರಡಿ, ಆಚೆ ಬದಿಯಿಂದ ನೋಡಿದಳು: ತಟ್ಟೆ. ಸುತ್ತಿ ಈಚೆಗೆ ಬಂದು ನೋಡಿದಳು: ಗುಡ್ಡ. ಮತ್ತೆ ಆಚೆಗೆ ಹೋದಳು. ಕುರ್ಚಿ ಅಲ್ಲೇ ಇತ್ತು.

ಬಹಳ ದಿನ ಬಾಯಿಗೆ ಬಂದ ಮಾತನ್ನು ನುಂಗಿದಳು. ಕಡೆಗೊಂದು ಭಾನುವಾರ, ಅತ್ತೆ ಬೇರೆ ಊರಿನಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಿದ್ದಾಗ, ಟೀ ಲೋಟ ಕೈಯಲ್ಲಿ ಹಿಡಿದು ಹೇಳಿಬಿಟ್ಟಳು.

"ರೀ, ಗಾಳಿ ತಳ್ಳಿದ್ದಲ್ಲ. ನಾನು ಆ ಕಡೆ ಕೂತು ನೋಡಿದೆ. ತಲೆಕೆಳಗಾಗಿ ನೋಡಿದೆ."

"ಗೊತ್ತು" ಎಂದ ಅವನು.

"ಯಾವಾಗಿಂದ?"

"ವಾಲಿಕೆ ನಂಬರ್ ನೋಡ್ದಾಗಿಂದ."

"ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ? ಬೈಯಬಹುದಾಗಿತ್ತಲ್ಲ! ಒಂದು ಸಲ, ಒಂದೇ ಒಂದು ಸಲ ಬೈದುಬಿಡಿ. ನಾನು ಹಗುರ ಆಗ್ತೀನಿ."

ಅವನು ಲೋಟದ ಅಂಚನ್ನು ಬೆರಳಿನಿಂದ ಸವರಿದ. "ಏನಂತ ಬೈಲಿ? ಪಕ್ಕ ಬಂದು ಕೂತ್ಕೋ ಅಂದೋನು ನಾನೇ ತಾನೆ."

ಅಷ್ಟೇ. ಒಬ್ಬರು ತಪ್ಪು ಹೊರಿಸಿದ್ದರೆ ಇನ್ನೊಬ್ಬರು ಅಳಬಹುದಿತ್ತು, ಜಗಳವಾಡಬಹುದಿತ್ತು, ಬಾಗಿಲು ಬಡಿಯಬಹುದಿತ್ತು. ಇಬ್ಬರೂ ತಪ್ಪನ್ನು ತಂತಮ್ಮ ಕಡೆಗೆ ಎಳೆದುಕೊಂಡದ್ದರಿಂದ ನಡುವೆ ಏನೂ ಉಳಿಯಲಿಲ್ಲ. ಅಂದು ಸಂಜೆ ಊಟಕ್ಕೆ ಕುಳಿತಾಗ ಅವನು ತನ್ನ ತಟ್ಟೆಯನ್ನು ಎದುರು ಬದಿಗೆ ಇಟ್ಟುಕೊಂಡ. ಕೋಪದಿಂದಲ್ಲ. ಅತ್ತೆ ಊರಿನಲ್ಲಿಲ್ಲ, ಜಾಗ ಖಾಲಿಯಿದೆ ಎಂಬಂತೆ. ಅತ್ತೆ ಹಿಂತಿರುಗಿದ ಮೇಲೆ ಅವರಿಗೆ ಮೇಜಿನ ತುದಿಯ ಕುರ್ಚಿಯಾಯಿತು. "ಏನು, ಸಿನಿಮಾ ಮುಗೀತಾ?" ಎಂದರು ಅತ್ತೆ. ಯಾರೂ ನಗಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಇನ್ನೊಂದು ನೌಕೆಯ ಮಾತು ಬಂತು, ಹೋಯಿತು. ಹೋದ ನೌಕೆಯಲ್ಲಿ ಬೇರೆ ಯಾರದೋ ಉಪಕರಣ ಹೋಯಿತು. ಅವನು ಪ್ರಯೋಗಾಲಯ ಬಿಟ್ಟು, ಕೈ ಕಳೆದುಕೊಂಡವರಿಗೆ ಕೃತಕ ಕೈ ಮಾಡಿಕೊಡುವ ಆಸ್ಪತ್ರೆಯ ಕಾರ್ಯಾಗಾರ ಸೇರಿದ. ಒಳ್ಳೆಯ ಕೆಲಸವೇ. ಯಂತ್ರಕ್ಕೆ ಸಿಕ್ಕಿ ಕೈ ಹೋದ ಬಡಗಿಯೊಬ್ಬ ಹೊಸ ಕೈಯಲ್ಲಿ ಮೊದಲ ಸಲ ಲೋಟ ಎತ್ತಿದ್ದನ್ನು ಅವನು ಮನೆಗೆ ಬಂದು ಹೇಳಿದ. ಹೇಳುವಾಗ ಕಣ್ಣು ಹೊಳೆಯಿತು. "ಮುಟ್ಟಿದ ಕಣೇ, ಮುಟ್ಟಿದ" ಎಂದ. ಇಬ್ಬರೂ ತಲೆ ತಗ್ಗಿಸಿ ಊಟ ಮಾಡಿದರು.

ಹೀಗೆ ವರ್ಷಗಳು ಉರುಳಿದವು. ಅಪ್ಪ ಹೋದ, ಅತ್ತೆ ಹೋದರು. ಗೋಡೆಯ ಚಿತ್ರವನ್ನು ಯಾರೂ ಇಳಿಸಲಿಲ್ಲ. ಇಳಿಸುವುದೂ ಒಂದು ಮಾತಾಗುತ್ತಿತ್ತು. ಒಬ್ಬರನ್ನೊಬ್ಬರು ಬಹಳ ಚೆನ್ನಾಗಿ ನೋಡಿಕೊಂಡರು. ಜ್ವರ ಬಂದರೆ ಗಂಜಿ, ಮಳೆ ಬಂದರೆ ಕೊಡೆ. ಚಿಕ್ಕಂದಿನಲ್ಲಿ ಅಪ್ಪನ ಹಸಿ ಗೋಡೆಯ ಹತ್ತಿರ ನಡೆಯುವಾಗ ಮೈ ತಾಗದಂತೆ ನಡೆಯುತ್ತಿದ್ದ ಹಾಗೆ, ಅವಳು ಗಂಡನ ಪಕ್ಕದಲ್ಲಿ ನಡೆದಳು.

ಅವಳು ನಿವೃತ್ತಳಾಗುವ ಹೊತ್ತಿಗೆ ಮಂಗಳವನ್ನು ಹೊಸ ನೌಕೆಯೊಂದು ಸುತ್ತುತ್ತಿತ್ತು. ಅದರ ಕಣ್ಣು ಎಷ್ಟು ಚುರುಕೆಂದರೆ ಮೇಲಿನಿಂದಲೇ ಆ ಹಳೆಯ ನೌಕೆ ಕಾಣುತ್ತಿತ್ತು, ಗುಡ್ಡದ ಪಕ್ಕೆಯಲ್ಲಿ ಒಂದು ಅಕ್ಕಿಕಾಳಿನಂತೆ. ಚಾಚಿದ ಕೈ ಒಂದು ಕೂದಲೆಳೆ. ಅದರ ನೆರಳು ಅದಕ್ಕೇ ಅಂಟಿಕೊಂಡಿತ್ತು. ಎರಡು ಬೇಸಿಗೆಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದವಳು ಭೂತಗನ್ನಡಿ ಎತ್ತಿಕೊಂಡಳು. ಚಳಿಗಾಲದಲ್ಲಿ ಹಿಮ ಕಟ್ಟಿ, ಬೇಸಿಗೆಯಲ್ಲಿ ಬಿಟ್ಟು, ಇಳಿಜಾರಿನ ಮಣ್ಣು ಸ್ವಲ್ಪ ಸ್ವಲ್ಪವೇ ಜರುಗುತ್ತಿತ್ತು. ಕೆಳಗಿನ ಕಾಲು ಮಣ್ಣಿನೊಳಗೆ ಇಳಿಯುತ್ತಿತ್ತು. ನೌಕೆ ವರ್ಷ ವರ್ಷವೂ ಇನ್ನಷ್ಟು ವಾಲುತ್ತಿತ್ತು. ಕೈ ನೆಲದ ಕಡೆಗೆ ಬಗ್ಗುತ್ತಿತ್ತು.

ಚಿತ್ರಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಹಳದಿ ಚೀಟಿ ದೂರದ ಅಂಚಿಗೆ. ಅವನು ಎದುರು ಕುಳಿತು ಪತ್ರಿಕೆ ಓದುತ್ತಿದ್ದ.

"ರೀ, ಇಲ್ಲಿ ಬನ್ನಿ. ಈ ಕಡೆ ಬಂದು ನೋಡಿ."

ಅವನು ಪತ್ರಿಕೆ ಕೆಳಗಿಟ್ಟ. ಅಷ್ಟು ವರ್ಷಗಳ ಮೇಲೆ ಮೇಜನ್ನು ಸುತ್ತಿ ಬಂದು ಅವಳ ಪಕ್ಕದಲ್ಲಿ ಕುಳಿತ. ಕನ್ನಡಕ ಏರಿಸಿದ. ಬಹಳ ಹೊತ್ತು ನೋಡಿದ.

"ಇದು ಗುಂಡಿನೋ ಗುಡ್ಡನೋ?" ಎಂದ.

ಅವಳು ಮುಖ ನೋಡಿದಳು. ಅವನ ಮೀಸೆಯಡಿಯಲ್ಲಿ ನಗುವಿತ್ತು. ಅವಳಿಗೆ ನಗಲು ಹೋಗಿ ಅಳು ಬಂತು. ಅವನು ಭುಜಕ್ಕೆ ಭುಜ ತಾಗಿಸಿ ಕುಳಿತ.

"ಎಷ್ಟು ಉಳಿದಿದೆ?" ಎಂದು ಆಮೇಲೆ ಕೇಳಿದ.

"ಹೇಳೋಕಾಗಲ್ಲ. ಬಿಸಿಲು ನೆತ್ತಿ ಮೇಲಿದೆ, ನೆರಳು ಕೈ ಕೆಳಗೇ ಅಡಗಿದೆ. ಪಕ್ಕದಿಂದ ಬೆಳಕು ಬೇಕು. ಸೂರ್ಯ ಇಳಿಯೋ ಹೊತ್ತಲ್ಲಿ ತೆಗೆದ ಚಿತ್ರ ಬೇಕು. ಕೈ ನೆಲ ಮುಟ್ಟಿದ್ರೆ ಅದರ ತುದೀಗೆ ನೆರಳಿನ ತುದಿ ಅಂಟಿರುತ್ತೆ, ಒಂದು ಬೆರಳಿನ ಸಂದು ಇದ್ರೂ ಎರಡರ ನಡುವೆ ಮೊಳದಷ್ಟು ದೂರ ಆಗುತ್ತೆ."

"ನಿಮ್ಮಪ್ಪನ ಬಲ್ಬು."

"ಹೂಂ. ನಮ್ಮಪ್ಪನ ಬಲ್ಬು."

"ಕೇಳು ಅವರನ್ನ. ಒಂದು ಚಿತ್ರ ಸಂಜೆ ತೆಗೀರಿ ಅಂತ. ನಿನ್ನ ಮಾತು ತೆಗೆದುಹಾಕ್ತಾರಾ?"

ತೆಗೆದುಹಾಕಲಿಲ್ಲ. ಅವಳ ಶಿಷ್ಯರೇ ಈಗ ಆ ನೌಕೆಯನ್ನು ನಡೆಸುತ್ತಿದ್ದರು. ಮಂಗಳದ ಮುಂದಿನ ಬೇಸಿಗೆಗೆ, ಸಂಜೆಯ ಒಂದು ಚಿತ್ರ ಎಂದು ಒಪ್ಪಿಕೊಂಡರು. ಮಂಗಳದ ವರ್ಷ ನಮ್ಮ ಎರಡು ವರ್ಷದಷ್ಟು. ಕಾಯುವ ಆ ದಿನಗಳಲ್ಲಿ ಆ ಮನೆಯಲ್ಲಿ ತಟ್ಟೆಗಳು ಒಂದೇ ಬದಿಯಲ್ಲಿದ್ದವು. ಎದುರಿನ ಕುರ್ಚಿ ಖಾಲಿ. ಅವನು ಮಕ್ಕಳಂತೆ ವಾರಕ್ಕೊಮ್ಮೆ, "ಮಂಗಳದಲ್ಲಿ ಈಗ ಯಾವ ಕಾಲ?" ಎಂದು ಕೇಳುವನು. "ಚಳಿಗಾಲ. ಹಿಮ ಕಟ್ತಿದೆ. ಜರುಗುತ್ತೆ, ತಡೀರಿ" ಎನ್ನುವಳು.

ಬೇಸಿಗೆ ಬರುವ ಮೊದಲೇ ಅವನ ಬಲಗೈ ಸೋತಿತು. ಬೆಳಿಗ್ಗೆ ಟೀ ಲೋಟ ಹಿಡಿಯಲು ಹೋದವನಿಗೆ ಹಿಡಿಯಲಾಗಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಆಸ್ಪತ್ರೆಯ ಮಂಚದ ಬಲಬದಿಯಲ್ಲಿ ಕುಳಿತು ಅವಳು ಆ ಕೈಯನ್ನು ಹಿಡಿದುಕೊಂಡಳು. "ಗೊತ್ತಾಗ್ತಿದೆಯಾ? ಹಿಡ್ಕೊಂಡಿದ್ದೀನಿ, ಗೊತ್ತಾಗ್ತಿದೆಯಾ?" ಎಂದು ಕೇಳಿದಳು. ಅವನು ಅವಳ ಕಡೆ ನೋಡಿ ತಲೆಯಾಡಿಸಿದ, ಇಲ್ಲವೆಂದೋ ಹೌದೆಂದೋ ತಿಳಿಯದ ಹಾಗೆ. ಅವಳು ಕೈ ಬಿಡಲಿಲ್ಲ. ಅವನು ಹೋದದ್ದು ಅದೇ ವಾರ.

ಚಿತ್ರ ಆಮೇಲೆ ಬಂತು. ಇಳಿಬಿಸಿಲಿನಲ್ಲಿ ಗುಡ್ಡದ ಒಂದೊಂದು ಹರಳಿಗೂ ಉದ್ದನೆಯ ನೆರಳು. ಕೈಯ ನೆರಳು ಇಳಿಜಾರಿನ ಉದ್ದಕ್ಕೂ ಮಲಗಿತ್ತು. ಕೈಯ ತುದಿಗೂ ನೆರಳಿನ ತುದಿಗೂ ನಡುವೆ ಬೆಳಕಿನ ಒಂದು ಸಣ್ಣ ಚುಕ್ಕೆ. ಸಂದು ಇನ್ನೂ ಇತ್ತು. ನಾಲ್ಕು ಬೆರಳು ಇರಬಹುದು, ಮೂರಿರಬಹುದು. ಅವಳು ಗಾಜು ಹಿಡಿದು ನೋಡಿದಳು, ಗಾಜು ಒರೆಸಿ ನೋಡಿದಳು. ಅವಳ ಕಣ್ಣು ಈ ಸಲ ತಪ್ಪಲಿಲ್ಲ.

ಈಗಲೂ ಅವಳು ಅದೇ ಮನೆಯಲ್ಲಿದ್ದಾಳೆ. ಮಂಗಳದಲ್ಲಿ ಬೇಸಿಗೆ ಬಂದಾಗ ಶಿಷ್ಯರು ಸಂಜೆಯ ಚಿತ್ರವೊಂದನ್ನು ಅಚ್ಚು ಹಾಕಿ ಕಳಿಸುತ್ತಾರೆ, ಹಳದಿ ಚೀಟಿ ಅಂಟಿಸಿಯೇ. ನಡುವಿನ ದಿನಗಳಲ್ಲಿ ಆಸ್ಪತ್ರೆಯ ಕಾರ್ಯಾಗಾರಕ್ಕೆ ಹೋಗಿ, ಹೊಸ ಕೈ ಹಾಕಿಸಿಕೊಂಡವರಿಗೆ ಲೋಟ ಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತಾಳೆ. "ಅವಸರ ಮಾಡ್ಬೇಡಿ. ಮೊದಲು ಮುಟ್ಟಿ. ಹಿಡಿಯೋದು ಆಮೇಲೆ" ಎನ್ನುತ್ತಾಳೆ.

ಚಿತ್ರ ಬಂದ ದಿನ ಅದನ್ನು ಊಟದ ಮೇಜಿನ ಮೇಲೆ ಹರಡಿ, ಈಚೆ ಬದಿಯಲ್ಲಿ ಕುಳಿತು, ಸರಿಯಾಗಿ ಅಳೆಯುತ್ತಾಳೆ. "ಇನ್ನೂ ಇಲ್ಲ ಕಣ್ರೀ" ಎಂದು ಗಟ್ಟಿಯಾಗಿಯೇ ಹೇಳುತ್ತಾಳೆ. ಆಮೇಲೆ ಎದ್ದು ಮೇಜನ್ನು ಸುತ್ತಿ ಹೋಗಿ, ಅಷ್ಟು ವರ್ಷ ಅವನು ಒಬ್ಬನೇ ಕುಳಿತಿದ್ದ ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ. ಅಲ್ಲಿಂದ ಗುಡ್ಡ ಮತ್ತೆ ತಟ್ಟೆಯಾಗುತ್ತದೆ. ಕೈಯ ಕೆಳಗಿನ ಇಳಿಜಾರು ತಟ್ಟೆಯ ಅಂಚಾಗಿ ಮೇಲೆದ್ದು ಬಂದು ಕೈಗೆ ತಾಗಿದಂತೆ ಕಾಣುತ್ತದೆ. ಅದು ಸುಳ್ಳೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಟೀ ತಣ್ಣಗಾಗುವವರೆಗೂ ಅವಳು ಅಲ್ಲಿಂದಲೇ ನೋಡುತ್ತಿರುತ್ತಾಳೆ.